ನರ್ಸಿಂಗ್ ಓದಲು ಹೊರಟ ತಾಯಂದಿರು: ದುಡ್ಡಿನ ಬಗ್ಗೆ ಹಬ್ಬಿದ ತಪ್ಪು ಕಲ್ಪನೆಗಳು ಮತ್ತು ವಾಸ್ತವ

ಜಿಲ್ಲಾಸ್ಪತ್ರೆಯ ವಾರ್ಡಿನಲ್ಲಿ ಆಯಾ ಆಗಿರುವವರು, ಊರಿನ ಗರ್ಭಿಣಿಯರನ್ನು ಹೊತ್ತುಗೊತ್ತಿಲ್ಲದೆ ಆಸ್ಪತ್ರೆಗೆ ಕರೆದೊಯ್ಯುವ ಆಶಾ ಕಾರ್ಯಕರ್ತೆಯರು, ಪಿಯುಸಿ ಮುಗಿಸಿ ಗಾರ್ಮೆಂಟ್ಸ್ ಸೇರಿ ಅಲ್ಲೇ ಉಳಿದುಹೋದವರು. ಇವರಲ್ಲಿ ಎಷ್ಟೋ ಹೆಣ್ಣುಮಕ್ಕಳಿಗೆ ‘ನಾನೂ ಸಿಸ್ಟರ್ ಆಗಬಹುದಿತ್ತು’ ಎಂಬ ಆಸೆ ಇನ್ನೂ ಆರಿಲ್ಲ. ಮದುವೆಯಾಗಿದೆ, ಒಂದೋ ಎರಡೋ ಮಕ್ಕಳಿವೆ, ಗಂಡನ ದುಡಿಮೆ ಮನೆ ಬಾಡಿಗೆಗೂ ರೇಷನ್ನಿಗೂ ಸರಿಹೋಗುತ್ತದೆ. ಹೀಗಿರುವಾಗ ಮೂರು ನಾಲ್ಕು ವರ್ಷ ಓದುವುದಕ್ಕೆ ದುಡ್ಡು ಎಲ್ಲಿಂದ ಬರಬೇಕು ಎಂಬ ಪ್ರಶ್ನೆ ಏಳುತ್ತದೆ. ಅದಕ್ಕೆ ಅಕ್ಕಪಕ್ಕದವರು, ನೆಂಟರು, ಕಾಲೇಜಿನ ಏಜೆಂಟರು ತಲೆಗೊಂದು ಉತ್ತರ ಕೊಡುತ್ತಾರೆ. ಆ ಉತ್ತರಗಳಲ್ಲಿ ಅರ್ಧಕ್ಕರ್ಧ ತಪ್ಪು. ತಪ್ಪು ಮಾಹಿತಿ ನಂಬಿ ಕೆಲವರು ಓದನ್ನೇ ಕೈಬಿಡುತ್ತಾರೆ. ಇನ್ನು ಕೆಲವರು ಬೇಡದ ಸಾಲ ಮಾಡಿ, ಬೇಡದ ಕಾಲೇಜು ಸೇರಿ, ನಡುವೆ ಬಿಡುತ್ತಾರೆ. ಎರಡನೆಯದು ಮೊದಲನೆಯದಕ್ಕಿಂತ ಕ್ರೂರ.

ನನಗೆ ಕಂಡಂತೆ, ಇಂಥ ಮನೆಗಳನ್ನು ಮುರಿಯುವುದು ಫೀಸಿನ ಮೊತ್ತಕ್ಕಿಂತ ಹೆಚ್ಚಾಗಿ ಹೆಜ್ಜೆಗಳ ಕ್ರಮ. ಮೊದಲು ಸಾಲ, ಆಮೇಲೆ ಸೀಟು, ಕೊನೆಗೆ ವಿದ್ಯಾರ್ಥಿವೇತನ ಎಂದು ಹೊರಟವರು ಸೋಲುತ್ತಾರೆ. ಸೀಟು ಮೊದಲು, ವಿದ್ಯಾರ್ಥಿವೇತನ ಎರಡನೆಯದು, ಉಳಿದ ಕೊರತೆಗೆ ಮಾತ್ರ ಸಾಲ ಎಂದು ಹೊರಟರೆ ಬಡ ಮನೆಗೂ ಈ ಓದು ದಕ್ಕುತ್ತದೆ. ಇಲ್ಲಿನ ವಿವರಗಳೆಲ್ಲ ಕರ್ನಾಟಕದವು.

ತಪ್ಪು ಕಲ್ಪನೆ: ಮದುವೆಯಾಗಿ ಮಕ್ಕಳಾದವರಿಗೆ ನರ್ಸಿಂಗ್ ಸೀಟು ಕೊಡುವುದಿಲ್ಲ, ವಯಸ್ಸೂ ಮೀರಿಹೋಗಿರುತ್ತದೆ.

ವಾಸ್ತವ: ಭಾರತೀಯ ನರ್ಸಿಂಗ್ ಕೌನ್ಸಿಲ್ ನಿಗದಿ ಮಾಡಿರುವ ಅರ್ಹತೆಗಳು ವಯಸ್ಸು, ಓದು, ದೈಹಿಕ ಆರೋಗ್ಯ ಇಷ್ಟೇ. ಬಿಎಸ್ಸಿ ನರ್ಸಿಂಗ್‌ಗಾಗಲಿ, ಮೂರು ವರ್ಷದ ಜಿಎನ್‌ಎಂ ಡಿಪ್ಲೊಮಾಕ್ಕಾಗಲಿ, ಎರಡು ವರ್ಷದ ಎಎನ್‌ಎಂಗಾಗಲಿ ಕನಿಷ್ಠ 17 ವರ್ಷ ತುಂಬಿರಬೇಕು, ಗರಿಷ್ಠ 35. ಎಎನ್‌ಎಂ ಮುಗಿಸಿದವರು ಜಿಎನ್‌ಎಂ ಸೇರುವಾಗ ಮೇಲಿನ ವಯೋಮಿತಿಯೂ ಅನ್ವಯಿಸುವುದಿಲ್ಲ. ಇಪ್ಪತ್ತೆಂಟರ ಇಬ್ಬರು ಮಕ್ಕಳ ತಾಯಿಗೆ ಬಾಗಿಲು ತೆರೆದೇ ಇದೆ.

‘ಮದುವೆಯಾದವರನ್ನು ತೆಗೆದುಕೊಳ್ಳುವುದಿಲ್ಲ’ ಎಂಬ ಮಾತಿಗೆ ಒಂದು ಮೂಲ ಸೇನೆಯಲ್ಲಿದೆ. ಮಿಲಿಟರಿ ನರ್ಸಿಂಗ್ ಸೇವೆಯ ಬಿಎಸ್ಸಿ ಕೋರ್ಸಿಗೆ ಅವಿವಾಹಿತೆಯರು, ವಿಚ್ಛೇದನ ಪಡೆದವರು, ಕಾನೂನಿನಂತೆ ಬೇರ್ಪಟ್ಟವರು, ಹೊಣೆಗಾರಿಕೆಯಿಲ್ಲದ ವಿಧವೆಯರು ಮಾತ್ರ ಅರ್ಜಿ ಹಾಕಬಹುದು. ಆ ನಿಯಮವನ್ನು ಎಲ್ಲ ಕಾಲೇಜಿಗೂ ಹೊಂದಿಸಿ ಹೇಳುವುದು ರೂಢಿಯಾಗಿಬಿಟ್ಟಿದೆ. ಮದುವೆಯಾದ ಕಾರಣಕ್ಕೆ ಸೇನೆಯ ನರ್ಸ್ ಒಬ್ಬರನ್ನು ಕೆಲಸದಿಂದ ತೆಗೆದದ್ದು ನಿರಂಕುಶ ಕ್ರಮ ಎಂದ ಸುಪ್ರೀಂ ಕೋರ್ಟ್, 2024ರಲ್ಲಿ ಅವರಿಗೆ 60 ಲಕ್ಷ ರೂಪಾಯಿ ಪರಿಹಾರ ಕೊಡಿಸಿತು. ನಿಮ್ಮೂರಿನ ಕಾಲೇಜಿನವರು ಮದುವೆಯ ನೆಪ ಹೇಳಿದರೆ ಯಾವ ನಿಯಮದ ಪ್ರಕಾರ ಎಂದು ಬರವಣಿಗೆಯಲ್ಲಿ ಕೇಳಿ.

ಓದಿನ ನಡುವೆ ಹೆರಿಗೆ ಬಂದರೂ ಎಲ್ಲ ಮುಗಿಯಿತು ಎಂದುಕೊಳ್ಳಬೇಕಿಲ್ಲ. ನಾಲ್ಕು ವರ್ಷದ ಬಿಎಸ್ಸಿ ನರ್ಸಿಂಗ್ ಮುಗಿಸಲು ನಿಯಮ ಗರಿಷ್ಠ 8 ವರ್ಷ ಕೊಡುತ್ತದೆ.

ತಪ್ಪು ಕಲ್ಪನೆ: ಪಿಯುಸಿಯಲ್ಲಿ ಸೈನ್ಸ್ ಓದಿಲ್ಲದವರಿಗೆ ನರ್ಸಿಂಗ್ ಇಲ್ಲ.

ವಾಸ್ತವ: ಬಿಎಸ್ಸಿಗೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಮತ್ತು ಇಂಗ್ಲಿಷ್ ಬೇಕು, ಶೇ 45 ಅಂಕವೂ ಬೇಕು. ಜಿಎನ್‌ಎಂಗೆ ಆರ್ಟ್ಸ್, ಕಾಮರ್ಸ್ ಓದಿದವರೂ ಸೇರಬಹುದು. ಇಂಗ್ಲಿಷ್ ಓದಿದ್ದು ಶೇ 40 ಇದ್ದರೆ ಸಾಕು. ಜಿಎನ್‌ಎಂ ಮುಗಿಸಿ ಕೌನ್ಸಿಲ್‌ನಲ್ಲಿ ನೋಂದಾಯಿಸಿಕೊಂಡವರು ಮುಂದೆ ಎರಡು ವರ್ಷದ ಪೋಸ್ಟ್ ಬೇಸಿಕ್ ಬಿಎಸ್ಸಿ ಮಾಡಿ ಪದವಿ ಪಡೆಯಬಹುದು. ಮನೆ ನಡೆಸಬೇಕಾದವರಿಗೆ ಈ ದಾರಿ ಹೆಚ್ಚು ಒಗ್ಗುತ್ತದೆ ಎಂಬುದು ನನ್ನ ಅನಿಸಿಕೆ. ಮೂರು ವರ್ಷಕ್ಕೆ ಸಂಬಳ ಕೈಗೆ ಬರುತ್ತದೆ, ಮಕ್ಕಳು ಸ್ವಲ್ಪ ದೊಡ್ಡವರಾದ ಮೇಲೆ ಪದವಿಯ ಕಡೆ ನೋಡಬಹುದು. ಗಂಡಸರಿಗೂ ಜಿಎನ್‌ಎಂ, ಬಿಎಸ್ಸಿ ಎರಡೂ ಇವೆ. ಎಎನ್‌ಎಂ ಮಾತ್ರ ಮಹಿಳೆಯರಿಗೆ ಮೀಸಲು.

ತಪ್ಪು ಕಲ್ಪನೆ: ನರ್ಸಿಂಗ್ ಎಂದರೆ ವರ್ಷಕ್ಕೆ ಲಕ್ಷ ಲಕ್ಷ, ಅದು ಉಳ್ಳವರ ಓದು.

ವಾಸ್ತವ: ಅದು ಯಾವ ಸೀಟು ಎಂಬುದರ ಮೇಲೆ ನಿಂತಿದೆ. ಒಂದೇ ಖಾಸಗಿ ಕಾಲೇಜಿನ ಒಂದೇ ತರಗತಿಯಲ್ಲಿ ಅಕ್ಕಪಕ್ಕ ಕೂತ ಇಬ್ಬರಲ್ಲಿ ಒಬ್ಬಳು ಕಟ್ಟುವುದರ ಹತ್ತು ಪಟ್ಟು ಇನ್ನೊಬ್ಬಳು ಕಟ್ಟುತ್ತಿರಬಹುದು. ರಾಜ್ಯದ ಖಾಸಗಿ ಕಾಲೇಜುಗಳಲ್ಲಿ ಬಿಎಸ್ಸಿ ನರ್ಸಿಂಗ್‌ನ ಸರ್ಕಾರಿ ಕೋಟಾ ಸೀಟಿಗೆ ವರ್ಷಕ್ಕೆ 10,000 ರೂಪಾಯಿ, ಮ್ಯಾನೇಜ್‌ಮೆಂಟ್ ಕೋಟಾದಲ್ಲಿ ಕರ್ನಾಟಕದವರಿಗೆ 1 ಲಕ್ಷ, ಹೊರರಾಜ್ಯದವರಿಗೆ 1.40 ಲಕ್ಷ ಎಂಬುದು ಸರ್ಕಾರ ನಿಗದಿಪಡಿಸಿದ ಶುಲ್ಕ. 2025ರಲ್ಲಿ ಕಾಲೇಜುಗಳು ಏರಿಕೆ ಕೇಳಿದಾಗ ಸರ್ಕಾರ ಒಪ್ಪಲಿಲ್ಲ. ಅಂದರೆ ನಾಲ್ಕು ವರ್ಷದ ಲೆಕ್ಕದಲ್ಲಿ ಒಂದು ಕಡೆ 40 ಸಾವಿರ, ಇನ್ನೊಂದು ಕಡೆ 4 ಲಕ್ಷ.

ಈ ಕಡಿಮೆ ದರದ ಸೀಟು ಸಿಗುವುದು ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಸಿಇಟಿ ಮೂಲಕ. ಪಿಯುಸಿ ಮುಗಿಸಿ ಎಂಟು ಹತ್ತು ವರ್ಷವಾಗಿದ್ದರೂ ಸಿಇಟಿ ಬರೆಯಬಹುದು ಎಂಬುದು ಅನೇಕರಿಗೆ ಗೊತ್ತಿಲ್ಲ. ಹಳ್ಳಿಯ ಶಾಲೆಯಲ್ಲಿ ಓದಿದ ತಾಯಿಗೆ ಇನ್ನೊಂದು ಅನುಕೂಲವೂ ಇದೆ. ಒಂದರಿಂದ ಹತ್ತನೇ ತರಗತಿವರೆಗೆ ಗ್ರಾಮೀಣ ಭಾಗದಲ್ಲಿ ಓದಿದವರಿಗೆ ಶೇ 15, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ 5 ಒಳಮೀಸಲಾತಿ ಸಿಇಟಿ ಸೀಟುಗಳಲ್ಲಿದೆ. ಕಲ್ಯಾಣ ಕರ್ನಾಟಕದವರಿಗೆ ಸಂವಿಧಾನದ 371ಜೆ ವಿಧಿಯ ಮೀಸಲಾತಿ ಬೇರೆ. ಗ್ರಾಮೀಣ ಮತ್ತು ಕನ್ನಡ ಮಾಧ್ಯಮದ ಮೀಸಲಾತಿಗೆ ಓದಿದ ಶಾಲೆಯಿಂದಲೇ ಪ್ರಮಾಣಪತ್ರ ತರಬೇಕು, ಕ್ಷೇತ್ರ ಶಿಕ್ಷಣಾಧಿಕಾರಿಯ ಸಹಿಯೂ ಬೇಕು. ತವರೂರಿನ ಶಾಲೆಗೆ ಒಂದು ದಿನ ಹೋಗಿಬರುವ ಖರ್ಚು ಮಾಡಿ. ಅದು ಲಕ್ಷಗಟ್ಟಲೆ ಉಳಿಸುವ ಪ್ರಯಾಣ.

ಜಿಎನ್‌ಎಂ ಓದುವವರು ಮೊದಲು ವಿಚಾರಿಸಬೇಕಾದದ್ದು ಸರ್ಕಾರಿ ಆಸ್ಪತ್ರೆ, ಸರ್ಕಾರಿ ವೈದ್ಯಕೀಯ ಸಂಸ್ಥೆಗಳಿಗೆ ಸೇರಿದ ನರ್ಸಿಂಗ್ ಶಾಲೆಗಳನ್ನು. ಅಲ್ಲಿ ಫೀಸು ಕಡಿಮೆ, ಕಲಿಯಲು ರೋಗಿಗಳ ಸಂಖ್ಯೆ ಹೆಚ್ಚು. ಐವತ್ತು ಹಾಸಿಗೆಯೂ ತುಂಬದ ಖಾಸಗಿ ಆಸ್ಪತ್ರೆಯಲ್ಲಿ ಮೂರು ವರ್ಷ ಕಳೆದವಳಿಗಿಂತ ಜಿಲ್ಲಾಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ ಆರು ತಿಂಗಳು ನಿಂತವಳ ಕೈ ಪಳಗಿರುತ್ತದೆ ಎಂದು ಹಿರಿಯ ಸಿಸ್ಟರ್‌ಗಳು ಹೇಳುವ ಮಾತನ್ನು ನಾನು ಪೂರ್ತಿ ಒಪ್ಪುತ್ತೇನೆ.

ಫೀಸು ಎಷ್ಟು ಎಂದು ಕೇಳುವಾಗ ಬರೀ ಬೋಧನಾ ಶುಲ್ಕ ಕೇಳಿ ಸುಮ್ಮನಾಗಬೇಡಿ. ಯೂನಿಫಾರ್ಮ್, ಶೂ, ಪುಸ್ತಕ, ಪರೀಕ್ಷಾ ಶುಲ್ಕ, ಪೋಸ್ಟಿಂಗ್‌ಗೆ ಹೋಗುವ ಬಸ್ಸು, ಮೇಲೆ ಹಾಸ್ಟೆಲ್. ಕೆಲವು ಕಡೆ ಹಾಸ್ಟೆಲ್ ಕಡ್ಡಾಯ ಎನ್ನುತ್ತಾರೆ. ಮಗುವಿರುವ ತಾಯಿ ಮನೆಯಿಂದಲೇ ಬಂದು ಹೋಗಬಹುದೇ ಎಂಬುದನ್ನು ಪ್ರವೇಶಕ್ಕೆ ಮೊದಲೇ ಕೇಳಿ ಬರೆಸಿಕೊಳ್ಳಬೇಕು. ಹಣ ಕಟ್ಟಿದ ಮೇಲೆ ಕೇಳಿದರೆ ಉತ್ತರವೇ ಬೇರೆಯಾಗಿರುತ್ತದೆ.

ತಪ್ಪು ಕಲ್ಪನೆ: ವಿದ್ಯಾರ್ಥಿವೇತನ ಇರುವುದು ಅಪ್ಪ ಅಮ್ಮನ ಮನೆಯಲ್ಲಿರುವ ಹುಡುಗ ಹುಡುಗಿಯರಿಗೆ.

ವಾಸ್ತವ: ಈ ಒಂದು ತಪ್ಪು ತಿಳಿವಳಿಕೆಯಿಂದ ಕೈತಪ್ಪಿದ ಹಣಕ್ಕೆ ಲೆಕ್ಕವಿಲ್ಲ. ಪರಿಶಿಷ್ಟ ಜಾತಿ, ಪಂಗಡ ಮತ್ತು ಹಿಂದುಳಿದ ವರ್ಗಗಳಿಗೆ ಇರುವ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನಕ್ಕೆ ಸಂಬಂಧಿಸಿದ ಕೇಂದ್ರದ ಮಾರ್ಗಸೂಚಿ ವಿವಾಹಿತ ವಿದ್ಯಾರ್ಥಿನಿಯರನ್ನು ಹೆಸರಿಸಿಯೇ ಮಾತಾಡುತ್ತದೆ. ಕೆಲಸದಲ್ಲಿಲ್ಲದ ವಿವಾಹಿತೆ ಓದುತ್ತಿದ್ದರೆ ಗಂಡನ ಆದಾಯ ಮಾತ್ರ ಲೆಕ್ಕಕ್ಕೆ. ಮಾವ, ಮೈದುನ, ಅದೇ ಮನೆಯಲ್ಲಿರುವ ಇನ್ಯಾರದೇ ದುಡಿಮೆ ಸೇರಿಸುವಂತಿಲ್ಲ. ಕೂಡುಕುಟುಂಬದಲ್ಲಿ ‘ಮನೆಯವರೆಲ್ಲರ ಆದಾಯ’ ಎಂದು ಒಟ್ಟುಗೂಡಿಸಿ ಬರೆಸಿಕೊಂಡು ಮಿತಿ ದಾಟಿ ಕೂತವರಿದ್ದಾರೆ. ನಾಡಕಚೇರಿಯಲ್ಲಿ ಅರ್ಜಿ ಕೊಡುವಾಗ ಈ ಎಚ್ಚರ ಇರಲಿ. ಪರಿಶಿಷ್ಟರಿಗೆ ಕೇಂದ್ರದ ಯೋಜನೆಯಲ್ಲಿ ಆದಾಯ ಮಿತಿ ವರ್ಷಕ್ಕೆ 2.5 ಲಕ್ಷ ರೂಪಾಯಿ. ಹಿಂದುಳಿದ ವರ್ಗಗಳಲ್ಲಿ ಪ್ರವರ್ಗಕ್ಕೆ ತಕ್ಕಂತೆ ಮಿತಿ ಬೇರೆ ಬೇರೆ.

ಜಾತಿ ಪ್ರಮಾಣಪತ್ರದ ವಿಷಯ ಉಲ್ಟಾ. ಹೆಣ್ಣಿನ ಜಾತಿ ಮದುವೆಯಿಂದ ಬದಲಾಗುವುದಿಲ್ಲ, ತಂದೆಯ ಜಾತಿಯೇ ಅವಳದು. ಆದಾಯಕ್ಕೆ ಗಂಡನ ಊರಿನ ದಾಖಲೆ, ಜಾತಿಗೆ ತವರಿನ ದಾಖಲೆ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ತಂದೆಯ ಇನಿಷಿಯಲ್, ಆಧಾರ್‌ನಲ್ಲಿ ಗಂಡನ ಹೆಸರು ಇದ್ದು ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್ ಎಸ್‌ಎಸ್‌ಪಿಯಲ್ಲಿ ಅರ್ಜಿ ಸಿಕ್ಕಿಹಾಕಿಕೊಳ್ಳುವುದು ವಿವಾಹಿತೆಯರ ಸಾಮಾನ್ಯ ಗೋಳು. ಕಾಲೇಜು ಸೇರುವ ಮೊದಲೇ ಆಧಾರ್ ಸರಿಪಡಿಸಿ, ಬ್ಯಾಂಕ್ ಖಾತೆಗೆ ಜೋಡಿಸಿ ಇಟ್ಟುಕೊಂಡರೆ ಒಂದು ವರ್ಷದ ಹಣ ಉಳಿಯುತ್ತದೆ.

ಹಿಂದುಳಿದ ವರ್ಗದವರಿಗೆ ಹಾಸ್ಟೆಲ್ ಸೀಟು ಸಿಗದಿದ್ದರೆ ವಿದ್ಯಾಸಿರಿ ಇದೆ, ತಿಂಗಳಿಗೆ 1,500ರಂತೆ 10 ತಿಂಗಳು. ಹತ್ತು ಮತ್ತು ಹನ್ನೆರಡನೇ ತರಗತಿಯನ್ನು ಸರ್ಕಾರಿ ಶಾಲೆ, ಕಾಲೇಜಿನಲ್ಲಿ ಓದಿದ ಹೆಣ್ಣುಮಕ್ಕಳಿಗೆ ಅಜೀಂ ಪ್ರೇಮ್‌ಜಿ ಫೌಂಡೇಶನ್ ವರ್ಷಕ್ಕೆ 30,000 ರೂಪಾಯಿ ಕೊಡುತ್ತಿದೆ. ಪದವಿಗೂ ಇದೆ, ಡಿಪ್ಲೊಮಾಕ್ಕೂ ಇದೆ, ಕೋರ್ಸ್ ಮುಗಿಯುವವರೆಗೂ ಸಿಗುತ್ತದೆ. ಅರ್ಜಿ ಹಾಕಬೇಕಾದದ್ದು ಮೊದಲ ವರ್ಷದಲ್ಲಿ.

ಕೆಲವು ತೊಡಕುಗಳನ್ನೂ ಹೇಳಲೇಬೇಕು. ಮ್ಯಾನೇಜ್‌ಮೆಂಟ್ ಕೋಟಾದಲ್ಲಿ ಸೇರಿದವರಿಗೆ ಶುಲ್ಕ ಮರುಪಾವತಿ ಸಾಮಾನ್ಯವಾಗಿ ಸಿಗುವುದಿಲ್ಲ. ಸೀಟು ಮೊದಲು ಎಂದು ನಾನು ಒತ್ತಿ ಹೇಳುವುದು ಇದಕ್ಕೇ. ಇನ್ನೊಂದು, ಈಗಾಗಲೇ ಬಿಎ ಅಥವಾ ಬಿಕಾಂ ಮುಗಿಸಿದವರು ಮತ್ತೆ ಬಿಎಸ್ಸಿ ನರ್ಸಿಂಗ್ ಸೇರಿದರೆ, ಅದೇ ಹಂತದ ಇನ್ನೊಂದು ಓದು ಎಂಬ ಕಾರಣಕ್ಕೆ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ನಿರಾಕರಣೆ ಆಗುತ್ತದೆ. ಇದು ತಿಳಿಯದೆ ಆ ಹಣವನ್ನೇ ನೆಚ್ಚಿ ಸೇರಿದರೆ ಎರಡನೇ ವರ್ಷಕ್ಕೆ ಬರಿಗೈ. ಹಣ ಮಂಜೂರಾದರೂ ಖಾತೆಗೆ ತಡವಾಗಿ ಬರುವುದು ಮಾಮೂಲು. ಮೊದಲ ಕಂತಿನ ಫೀಸಿಗೆ ಅದನ್ನು ನಂಬಬೇಡಿ.

ತಪ್ಪು ಕಲ್ಪನೆ: ಮನೆ ಪತ್ರ, ಚಿನ್ನ ಅಡ ಇಡದೆ ಬ್ಯಾಂಕ್ ಸಾಲ ಕೊಡುವುದಿಲ್ಲ. ಮದುವೆಯಾದವರಿಗಂತೂ ಶಿಕ್ಷಣ ಸಾಲ ಇಲ್ಲವೇ ಇಲ್ಲ.

ವಾಸ್ತವ: 4 ಲಕ್ಷದವರೆಗಿನ ಶಿಕ್ಷಣ ಸಾಲಕ್ಕೆ ಬ್ಯಾಂಕುಗಳು ಅಡಮಾನ ಕೇಳುವಂತಿಲ್ಲ, ಇದು ರಿಸರ್ವ್ ಬ್ಯಾಂಕಿನ ಸೂಚನೆ. ಸರ್ಕಾರದ ಸಾಲ ಖಾತರಿ ನಿಧಿಯ ಅಡಿಯಲ್ಲಿ 7.5 ಲಕ್ಷದವರೆಗೂ ಅಡಮಾನವಿಲ್ಲದೆ ಸಾಲ ಸಿಗುತ್ತದೆ. ಬ್ಯಾಂಕುಗಳ ಸಂಘ ರೂಪಿಸಿದ ಮಾದರಿ ಯೋಜನೆಯಲ್ಲಿ ವಿದ್ಯಾರ್ಥಿಗೆ ವಯೋಮಿತಿ ಇಲ್ಲ. ಸಹಸಾಲಗಾರರು ಯಾರಿರಬೇಕು ಎಂಬಲ್ಲಿ ವಿವಾಹಿತರಿಗೆ ಪ್ರತ್ಯೇಕ ವಾಕ್ಯವೇ ಇದೆ: ಗಂಡ ಅಥವಾ ಹೆಂಡತಿ, ತಂದೆತಾಯಿ, ಇಲ್ಲವೇ ಅತ್ತೆಮಾವ. ಗಂಡನ ಹೆಸರಿನಲ್ಲಿ ಹಳೆಯ ಸಾಲ ಸುಸ್ತಿಯಾಗಿ ದಾಖಲೆ ಕೆಟ್ಟಿದ್ದರೆ ತವರಿನವರೋ ಮಾವನೋ ಸಹಿ ಹಾಕಲು ಇಲ್ಲಿ ದಾರಿ ಇದೆ. ಬಿಎಸ್ಸಿಗೆ ಮಾತ್ರವಲ್ಲ, ನರ್ಸಿಂಗ್ ಕೌನ್ಸಿಲ್ ಒಪ್ಪಿದ ಡಿಪ್ಲೊಮಾಕ್ಕೂ ಈ ಸಾಲ ಸಿಗುತ್ತದೆ. ಫೀಸು, ಹಾಸ್ಟೆಲ್, ಪುಸ್ತಕ, ಯೂನಿಫಾರ್ಮ್ ಎಲ್ಲವೂ ಅದರಲ್ಲಿ ಸೇರುತ್ತವೆ. 4 ಲಕ್ಷದವರೆಗೆ ನಮ್ಮ ಕೈಯಿಂದ ಹಾಕಬೇಕಾದ ಪಾಲೂ ಇಲ್ಲ.

ಬಡ ಮನೆಗೆ ನಿಜವಾಗಿ ದೊಡ್ಡದು ಬಡ್ಡಿಯ ಸಹಾಯಧನ. ಕುಟುಂಬದ ಆದಾಯ ವರ್ಷಕ್ಕೆ 4.5 ಲಕ್ಷದೊಳಗಿದ್ದರೆ, ಓದುವ ಅವಧಿ ಮತ್ತು ಮುಂದಿನ ಒಂದು ವರ್ಷದ ಬಡ್ಡಿಯನ್ನು ಕೇಂದ್ರ ಸರ್ಕಾರ ಕಟ್ಟುವ ಯೋಜನೆ ಇದೆ. ಒಂದು ಲೆಕ್ಕ ಹಾಕಿ ನೋಡೋಣ. ವರ್ಷಕ್ಕೆ 1 ಲಕ್ಷದಂತೆ ನಾಲ್ಕು ವರ್ಷ ಸಾಲ ಪಡೆದು, ಬಡ್ಡಿ ಶೇ 9.5 ಎಂದಿಟ್ಟುಕೊಂಡರೆ, ಕಂತು ಶುರುವಾಗುವ ಹೊತ್ತಿಗೆ ಬಡ್ಡಿಯೇ 1,33,000 ರೂಪಾಯಿ ಆಗಿರುತ್ತದೆ. ಸಹಾಯಧನ ಸಿಕ್ಕವಳು 4 ಲಕ್ಷದಿಂದ ಶುರು ಮಾಡಿ ಹತ್ತು ವರ್ಷಕ್ಕೆ ತಿಂಗಳಿಗೆ ಸುಮಾರು 5,200 ಕಟ್ಟುತ್ತಾಳೆ. ಸಿಗದವಳದು 5.33 ಲಕ್ಷದ ಸಾಲ, ತಿಂಗಳಿಗೆ ಸುಮಾರು 6,900. ಹೊಸ ನರ್ಸ್‌ನ ಸಂಬಳದಲ್ಲಿ ಆ 1,700 ರೂಪಾಯಿ ಎಂದರೆ ಮಗುವಿನ ಹಾಲು, ಶಾಲೆಯ ಖರ್ಚು.

ಆದರೆ ಈ ಸಹಾಯಧನಕ್ಕೆ ಕಾಲೇಜು, ಗುಣಮಟ್ಟ ಅಳೆಯುವ ರಾಷ್ಟ್ರೀಯ ಸಂಸ್ಥೆ ನ್ಯಾಕ್‌ನ ಮಾನ್ಯತೆ ಪಡೆದಿರಬೇಕು, ಅದರ ವ್ಯಾಪ್ತಿಗೆ ಬಾರದ ಸಂಸ್ಥೆಯಾದರೆ ನರ್ಸಿಂಗ್ ಕೌನ್ಸಿಲ್‌ನ ಒಪ್ಪಿಗೆ ಇರಬೇಕು. ಬೋರ್ಡು ದೊಡ್ಡದಿದ್ದ ಮಾತ್ರಕ್ಕೆ ಮಾನ್ಯತೆ ಇದೆ ಎಂದಲ್ಲ. ಕೌನ್ಸಿಲ್‌ನ ಪಟ್ಟಿಯಲ್ಲಿ ಹೆಸರಿದೆಯೇ, ಬಿಎಸ್ಸಿಯಾದರೆ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಸಂಯೋಜನೆ ಇದೆಯೇ, ಜಿಎನ್‌ಎಂ ಆದರೆ ಕರ್ನಾಟಕ ರಾಜ್ಯ ಡಿಪ್ಲೊಮಾ ನರ್ಸಿಂಗ್ ಪರೀಕ್ಷಾ ಮಂಡಳಿಯ ಪಟ್ಟಿಯಲ್ಲಿದೆಯೇ ಎಂದು ನೋಡಿಕೊಂಡೇ ದುಡ್ಡು ಕಟ್ಟಬೇಕು. ಓದನ್ನು ನಡುವೆ ಬಿಟ್ಟರೆ, ಅನಾರೋಗ್ಯದ ಕಾರಣ ಹೊರತು, ಸಹಾಯಧನ ನಿಲ್ಲುತ್ತದೆ ಎಂಬುದೂ ನೆನಪಿರಲಿ. ಮ್ಯಾನೇಜ್‌ಮೆಂಟ್ ಕೋಟಾಕ್ಕೆ ಸಾಲ ಕೊಡಲು ಬ್ಯಾಂಕಿನವರು ಹಿಂದೆಮುಂದೆ ನೋಡುವುದು ಉಂಟು. ಇಲ್ಲೂ ಸಿಇಟಿ ಸೀಟಿನವಳ ಮಾತಿಗೆ ತೂಕ ಹೆಚ್ಚು.

ಹಿಂದುಳಿದ ವರ್ಗಗಳಿಗೆ ಡಿ. ದೇವರಾಜ ಅರಸು ಅಭಿವೃದ್ಧಿ ನಿಗಮದ ‘ಅರಿವು’ ಸಾಲವಿದೆ, ಬಡ್ಡಿ ವರ್ಷಕ್ಕೆ ಶೇ 2. ಸಿಇಟಿ ಮೂಲಕ ಆಯ್ಕೆಯಾದವರಿಗೆ ಸಿಗುವ ಈ ಸಾಲದ ಕೋರ್ಸುಗಳ ಪಟ್ಟಿಯಲ್ಲಿ ಬಿಎಸ್ಸಿ ನರ್ಸಿಂಗ್ ಇದೆ. ಬ್ಯಾಂಕಿನ ಬಾಗಿಲಿಗೆ ಹೋಗುವ ಮೊದಲು ಈ ಬಾಗಿಲು ತಟ್ಟಿ ನೋಡಬೇಕು.

ಶಾಖೆಯಲ್ಲಿ ‘ನಿಮಗೆ ಆಗಲ್ಲ ಹೋಗಿ’ ಎಂದು ಬಾಯಿಮಾತಿನಲ್ಲಿ ಹೇಳಿದರೆ ಅದು ತಿರಸ್ಕಾರ ಆಗುವುದಿಲ್ಲ. ವಿದ್ಯಾಲಕ್ಷ್ಮಿ ಪೋರ್ಟಲ್‌ನಲ್ಲಿ ಅರ್ಜಿ ಹಾಕಿ, ನಿರಾಕರಿಸಿದರೆ ಕಾರಣವನ್ನು ಬರವಣಿಗೆಯಲ್ಲಿ ಕೇಳಿ. ಬ್ಯಾಂಕಿಗೆ ದೂರು ಕೊಟ್ಟು 30 ದಿನದಲ್ಲಿ ಪರಿಹಾರ ಸಿಗದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ ಇದ್ದಾರೆ, ದೂರಿಗೆ ಶುಲ್ಕವಿಲ್ಲ.

ತಪ್ಪು ಕಲ್ಪನೆ: ಬ್ಯಾಂಕಿಗೆ ಅಲೆಯುವುದಕ್ಕಿಂತ ಸಂಘದ ಸಾಲ ವಾಸಿ, ವಾರದಲ್ಲಿ ಕೈಗೆ ಬರುತ್ತದೆ.

ವಾಸ್ತವ: ಬೇಗ ಬರುವುದು ನಿಜ. ಕಂತೂ ಅಷ್ಟೇ ಬೇಗ ಶುರುವಾಗುತ್ತದೆ. ಶಿಕ್ಷಣ ಸಾಲದಲ್ಲಿ ಓದು ಮುಗಿದು ಒಂದು ವರ್ಷದವರೆಗೆ ಕಂತು ಕಟ್ಟಬೇಕಿಲ್ಲ, ಆಮೇಲೂ 15 ವರ್ಷದವರೆಗೆ ಅವಧಿ ಇದೆ. ಸಂಘದ ಸಾಲ ಎಂದು ಕರೆಯುವ ಮೈಕ್ರೋಫೈನಾನ್ಸ್ ಸಾಲದಲ್ಲಿ ಬರುವ ವಾರವೋ ತಿಂಗಳೋ ಕಂತಿಗೆ ಜನ ಬಂದು ಕೂರುತ್ತಾರೆ. ಓದುವ ತಾಯಿಗೆ ಆ ಮೂರು ನಾಲ್ಕು ವರ್ಷ ಸಂಬಳವೇ ಇಲ್ಲ. ಆದಾಯವಿಲ್ಲದ ಕಾಲಕ್ಕೆ ತಕ್ಷಣ ತೀರಿಸಬೇಕಾದ ಸಾಲ ತಂದರೆ ಆ ಕಂತಿಗೆ ಇನ್ನೊಂದು ಸಂಘದಲ್ಲಿ ಸಾಲ, ಅದಕ್ಕೆ ಮತ್ತೊಂದು. ಕರ್ನಾಟಕದ ಹಳ್ಳಿಗಳಲ್ಲಿ ಈ ಸರಪಳಿಗೆ ಸಿಕ್ಕಿ ಊರು ಬಿಟ್ಟವರನ್ನು ಕಂಡಿದ್ದೇವೆ. 2025ರಲ್ಲಿ ಬಲವಂತದ ವಸೂಲಿ ತಡೆಯಲು ಸರ್ಕಾರ ಸುಗ್ರೀವಾಜ್ಞೆ ತರಬೇಕಾಗಿ ಬಂದದ್ದು ಇದರಿಂದಲೇ.

ಮನೆಯ ಎಲ್ಲ ಸಾಲಗಳ ಕಂತು ಸೇರಿ ತಿಂಗಳ ಆದಾಯದ ಅರ್ಧ ದಾಟಬಾರದು ಎಂದು ರಿಸರ್ವ್ ಬ್ಯಾಂಕ್ 2022ರಲ್ಲಿ ಮೈಕ್ರೋಫೈನಾನ್ಸ್ ಕಂಪನಿಗಳಿಗೆ ನಿಯಮ ಹಾಕಿದೆ. ಅರ್ಧವೂ ಹೆಚ್ಚೇ. ಹಳೆಯ ಸಂಘದ ಸಾಲ ಇದ್ದರೆ ಅದನ್ನು ತೀರಿಸಿದ ಮೇಲೆ ಕಾಲೇಜು ಸೇರಿ. ಒಂದು ವರ್ಷ ತಡವಾದರೂ ಚಿಂತೆಯಿಲ್ಲ. ಆ ವರ್ಷ ಸಿಇಟಿಗೆ ಓದಿಕೊಳ್ಳಲು ಒದಗುತ್ತದೆ.

ತಪ್ಪು ಕಲ್ಪನೆ: ಕೆಲಸ ಬಿಡದೆ ಓದಬಹುದು. ಕಾಲೇಜಿಗೆ ಪರೀಕ್ಷೆಗೆ ಮಾತ್ರ ಹೋದರೆ ಸಾಕು ಎಂದು ಏಜೆಂಟ್ ಹೇಳಿದ್ದಾರೆ.

ವಾಸ್ತವ: ಈ ಮಾತು ಆಡಿದ ಏಜೆಂಟನ ಜೊತೆ ಎರಡನೇ ಮಾತು ಬೇಡ. ನರ್ಸಿಂಗ್‌ನಲ್ಲಿ ಪಾಠಕ್ಕೆ ಶೇ 80 ಹಾಜರಿ ಬೇಕು. ಆಸ್ಪತ್ರೆಯ ಪ್ರಾಯೋಗಿಕ ತರಬೇತಿಯಲ್ಲಿ ತಪ್ಪಿದ ಗಂಟೆಗಳನ್ನೆಲ್ಲ ತುಂಬಿ ನೂರಕ್ಕೆ ನೂರು ಮಾಡಿದ ಮೇಲೆಯೇ ಪದವಿ. ದೂರಶಿಕ್ಷಣದಲ್ಲಿ ಜಿಎನ್‌ಎಂ ಆಗಲಿ, ನಾಲ್ಕು ವರ್ಷದ ಬಿಎಸ್ಸಿ ನರ್ಸಿಂಗ್ ಆಗಲಿ ಇಲ್ಲ. ‘ಆರು ತಿಂಗಳ ನರ್ಸಿಂಗ್ ಕೋರ್ಸ್’ ಎಂದು ಬಸ್‌ಸ್ಟ್ಯಾಂಡಿನ ಗೋಡೆಗಳ ಮೇಲೆ ಕಾಣುವುದು ನರ್ಸಿಂಗ್ ಅಲ್ಲ. ಅದನ್ನು ಮುಗಿಸಿದವರು ಆರೈಕೆ ಸಹಾಯಕರಾಗಿ ಕೆಲಸ ಮಾಡಬಹುದು, ಆದರೆ ಕರ್ನಾಟಕ ರಾಜ್ಯ ನರ್ಸಿಂಗ್ ಕೌನ್ಸಿಲ್ ಅವರನ್ನು ನೋಂದಾಯಿಸುವುದಿಲ್ಲ. ನೋಂದಣಿ ಇಲ್ಲದೆ ಸರ್ಕಾರಿ ಕೆಲಸವೂ ಇಲ್ಲ, ವಿದೇಶವೂ ಇಲ್ಲ. ಬಡವರ ಕೂಡಿಟ್ಟ ಕಾಸು ಹೀಗೆ ಕರಗುವುದನ್ನು ಕಂಡು ನನಗೆ ಸಿಟ್ಟು ಬರುತ್ತದೆ.

ಹಾಗಾದರೆ ದುಡಿಯಲೇಬೇಕಾದವರು ಏನು ಮಾಡಬೇಕು? ದಿನದ ಪೋಸ್ಟಿಂಗ್, ಸಂಜೆಯ ಮನೆಗೆಲಸ, ನಡುವೆ ನೈಟ್ ಡ್ಯೂಟಿ ಸರದಿ ಇರುವಾಗ ಪೂರ್ಣಾವಧಿ ಕೆಲಸ ಆಗುವ ಮಾತಲ್ಲ. ರಜೆಯ ದಿನಗಳ ಹೊಲಿಗೆ, ಟ್ಯೂಷನ್‌ನಂಥದ್ದು ಸಾಧ್ಯ. ಅವಳ ಸಂಬಳ ನಿಂತರೆ ಮನೆ ಎಷ್ಟು ತಿಂಗಳು ನಡೆಯುತ್ತದೆ ಎಂಬ ಲೆಕ್ಕವನ್ನು ಗಂಡ ಹೆಂಡತಿ ಕೂತು ಮೊದಲೇ ಹಾಕಬೇಕು. ಫೀಸಿಗಿಂತ ದೊಡ್ಡ ಖರ್ಚು ನಿಂತುಹೋಗುವ ಸಂಬಳವೇ.

ತಪ್ಪು ಕಲ್ಪನೆ: ಓದಲು ಹೋದರೆ ಮನೆಗೆ ಬರುವ ಸರ್ಕಾರಿ ಸವಲತ್ತು ನಿಲ್ಲುತ್ತದೆ.

ವಾಸ್ತವ: ಕಾಲೇಜು ಸೇರಿದ್ದಕ್ಕೆ ರೇಷನ್ ಕಾರ್ಡ್ ರದ್ದಾಗುವುದಿಲ್ಲ. ಗೃಹಲಕ್ಷ್ಮಿಯ 2,000 ರೂಪಾಯಿ ಕಾರ್ಡಿನಲ್ಲಿ ಮನೆಯ ಯಜಮಾನಿ ಎಂದಿರುವವರಿಗೆ, ಅವಳು ಓದುತ್ತಿದ್ದರೂ. ಜೂನ್ 2023ರಿಂದ ಇರುವ ಶಕ್ತಿ ಯೋಜನೆ ದಿನಾ ಹಳ್ಳಿಯಿಂದ ಜಿಲ್ಲಾ ಕೇಂದ್ರಕ್ಕೆ ಓಡಾಡುವ ವಿದ್ಯಾರ್ಥಿನಿಯ ಬಸ್ ಖರ್ಚನ್ನು ಇಲ್ಲವಾಗಿಸಿದೆ. ಎಷ್ಟೋ ಮನೆಗಳಲ್ಲಿ ಹಾಸ್ಟೆಲ್ ಬಿಟ್ಟು ಮನೆಯಿಂದಲೇ ಓದುವ ಮಾತು ಸಾಧ್ಯವಾಗಿರುವುದು ಇದರಿಂದ. ಗಂಡ ಕಟ್ಟಡ ಕಾರ್ಮಿಕನಾಗಿದ್ದು ಕಾರ್ಮಿಕ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಂಡಿದ್ದರೆ ಮಕ್ಕಳ ಓದಿಗೆ ನೆರವು ಇದೆ.

ಮಗುವನ್ನು ಯಾರು ನೋಡಿಕೊಳ್ಳುತ್ತಾರೆ ಎಂಬುದಕ್ಕೆ ಮಾತ್ರ ನಮ್ಮ ವ್ಯವಸ್ಥೆಯಲ್ಲಿ ಪೂರ್ತಿ ಉತ್ತರವಿಲ್ಲ. ಮೂರರಿಂದ ಆರು ವರ್ಷದವರಿಗೆ ಅಂಗನವಾಡಿ ಇದೆ, ಅದು ಸಂಜೆಯವರೆಗೆ ಇರುವುದಿಲ್ಲ. ಗ್ರಾಮ ಪಂಚಾಯಿತಿಗಳ ‘ಕೂಸಿನ ಮನೆ’ ಮುಖ್ಯವಾಗಿ ಗ್ರಾಮೀಣ ಉದ್ಯೋಗ ಖಾತರಿ ಕೆಲಸಕ್ಕೆ ಹೋಗುವವರ ಮಕ್ಕಳಿಗಾಗಿ ಇರುವುದು. ತಾಯಿ ನೈಟ್ ಡ್ಯೂಟಿಯಲ್ಲಿದ್ದಾಗ ಮಗು ಯಾರ ಬಳಿ ಮಲಗುತ್ತದೆ ಎಂಬುದು ಅಜ್ಜಿಯನ್ನೋ ಗಂಡನನ್ನೋ ನಂಬಿಕೊಂಡ ವಿಷಯ. ನರ್ಸಿಂಗ್ ಶಾಲೆ ಇರುವ ಪ್ರತಿ ಸರ್ಕಾರಿ ಆಸ್ಪತ್ರೆಯಲ್ಲಿ ಶಿಶುಪಾಲನಾ ಕೇಂದ್ರ ತೆರೆದು, ಅಲ್ಲಿನ ಸಿಬ್ಬಂದಿಯ ಮಕ್ಕಳ ಜೊತೆ ವಿದ್ಯಾರ್ಥಿನಿಯರ ಮಕ್ಕಳನ್ನೂ ಸೇರಿಸಿಕೊಂಡರೆ ಯಾವ ವಿದ್ಯಾರ್ಥಿವೇತನಕ್ಕೂ ಕಡಿಮೆಯಿಲ್ಲದ ನೆರವು ಅದು.

ತಪ್ಪು ಕಲ್ಪನೆ: ಪಾಸಾದ ಮರುತಿಂಗಳೇ ಕೈತುಂಬ ಸಂಬಳ, ಸಾಲ ಎರಡು ವರ್ಷದಲ್ಲಿ ತೀರುತ್ತದೆ.

ವಾಸ್ತವ: ಕೆಲಸ ಸಿಗುವುದು ಕಷ್ಟವಲ್ಲ, ನ್ಯಾಯದ ಸಂಬಳ ಸಿಗುವುದು ಕಷ್ಟ. 2016ರಲ್ಲಿ ಸುಪ್ರೀಂ ಕೋರ್ಟ್ ಸೂಚನೆಯಂತೆ ಕೇಂದ್ರ ನೇಮಿಸಿದ ಸಮಿತಿ, 50ಕ್ಕಿಂತ ಕಡಿಮೆ ಹಾಸಿಗೆಯ ಖಾಸಗಿ ಆಸ್ಪತ್ರೆಯಲ್ಲೂ ನರ್ಸ್‌ಗೆ ತಿಂಗಳಿಗೆ 20,000ಕ್ಕಿಂತ ಕಡಿಮೆ ಕೊಡಬಾರದು ಎಂದಿತು. 200 ಹಾಸಿಗೆಗಿಂತ ದೊಡ್ಡ ಆಸ್ಪತ್ರೆಗಳು ಸರ್ಕಾರಿ ನರ್ಸ್‌ಗೆ ಸಮನಾದ ಸಂಬಳ ಕೊಡಬೇಕು ಎಂದೂ ಹೇಳಿತು. ಇಷ್ಟು ವರ್ಷಗಳಾದರೂ ಸಣ್ಣ ನರ್ಸಿಂಗ್ ಹೋಮ್‌ಗಳಲ್ಲಿ ಅದಕ್ಕಿಂತ ಕಡಿಮೆಗೆ ದುಡಿಯುವವರಿದ್ದಾರೆ. ಆದ್ದರಿಂದ ಸಾಲದ ಕಂತನ್ನು 20,000ದ ಲೆಕ್ಕಕ್ಕೆ ಹೊಂದಿಸಿಕೊಳ್ಳಿ, ನೆಂಟರ ಮಗಳು ವಿದೇಶದಿಂದ ಕಳಿಸುವ ಹಣದ ಲೆಕ್ಕಕ್ಕಲ್ಲ. ‘ಓದು ಮುಗಿದ ಮೇಲೆ ನಮ್ಮಲ್ಲೇ ಇಷ್ಟು ವರ್ಷ ದುಡಿಯಬೇಕು, ಅಲ್ಲಿಯವರೆಗೆ ಅಂಕಪಟ್ಟಿ ನಮ್ಮಲ್ಲಿರಲಿ’ ಎನ್ನುವ ಕಾಲೇಜಿಗೆ ಮೂಲ ದಾಖಲೆ ಕೊಡಬೇಡಿ. ನಕಲು ಪ್ರತಿ ಕೊಡಿ, ಮೂಲವನ್ನು ತೋರಿಸಿ ವಾಪಸು ತನ್ನಿ.

ಈ ಬರಹ ಓದುತ್ತಿರುವವರಲ್ಲಿ ನರ್ಸ್‌ಗಳು, ಮೇಷ್ಟ್ರುಗಳು, ಬ್ಯಾಂಕ್ ನೌಕರರು ಇದ್ದೀರಿ. ನಿಮ್ಮ ವಾರ್ಡಿನ ಆಯಾ, ನಿಮ್ಮ ಶಾಲೆಯಲ್ಲಿ ಬಿಸಿಯೂಟ ಬಡಿಸುವ ತಾಯಿ ಪಿಯುಸಿ ಓದಿದ್ದಾರೆಯೇ ಎಂದು ಒಮ್ಮೆ ಕೇಳಿ. ಓದಿದ್ದರೆ, ಆಸೆ ಇದ್ದರೆ, ಏಜೆಂಟನಿಗಿಂತ ಮೊದಲು ನೀವು ಅವರ ಜೊತೆ ಕೂತು ಸಿಇಟಿ ಅರ್ಜಿ ತುಂಬಿಸಿ. ಸಾಮಾನ್ಯವಾಗಿ ಜನವರಿ, ಫೆಬ್ರವರಿಯ ಹೊತ್ತಿಗೆ ಅರ್ಜಿ ಕರೆಯುತ್ತಾರೆ.